ರೊಟ್ಟಿ ಪಂಚಮಿಯ ತುತ್ತು

ನನ್ನ ತಂಗಿಯ ಮುಂದಿನ ಹಲ್ಲಿಗೆ ಡಾಕ್ಟರು ಕೂಡಿಸಿದ್ದ ತುಣುಕು ರೊಟ್ಟಿ ಕಡಿಯುವಾಗ ಮುರಿಯಿತು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆ ರೊಟ್ಟಿಯ ತುತ್ತನ್ನು ಅವಳ ಬಾಯಿಗೆ ಇಟ್ಟವಳು ನಾನು ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು. ಬೇಕೆಂದೇ ಇಟ್ಟೆ ಎಂಬುದು ನನ್ನೊಬ್ಬಳಿಗೇ ಗೊತ್ತು ಎಂದು ನಾನು ತಿಳಿದಿದ್ದೆ. ಈ ಪಂಚಮಿಗೆ ಹೇಳಿಬಿಡೋಣ, ಮುಂದಿನ ಪಂಚಮಿಗೆ ಹೇಳಿಬಿಡೋಣ ಎಂದು ಎಂಟು ವರ್ಷ ಕಳೆದೆ. ಒಂಬತ್ತನೆಯ ಪಂಚಮಿಗೆ ಅವಳೇ ಇರಲಿಲ್ಲ.

ನಮ್ಮಿಬ್ಬರಿಗೂ ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಸಂದು ಇತ್ತು. ಅದು ಅಪ್ಪನಿಂದ ಬಂದದ್ದು. ಅಪ್ಪ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರ ಗುಮಾಸ್ತರಾಗಿದ್ದರು. ಆ ಸಂದಿನಿಂದ ಅವರು ಸಿಳ್ಳು ಹಾಕಿದರೆ ಮೂರು ಅಂಗಡಿ ಆಚೆ ಕುಳಿತ ಹಮಾಲರು ತಿರುಗಿ ನೋಡುತ್ತಿದ್ದರು. ಗಂಡಸಿಗೆ ಅದು ಉಪಯೋಗಕ್ಕೆ ಬಂತು. ನನಗೆ ಶಾಲೆಯಲ್ಲಿ ಹುಡುಗಿಯರು, "ಬಾಗಲಾ ಹಾಕ್ಕೋಬೇ, ನಾಯಿ ಒಳಗ ಹೊಕ್ಕೀತು" ಅನ್ನುತ್ತಿದ್ದರು. ಅಳುತ್ತ ಮನೆಗೆ ಬಂದಾಗ ಅಪ್ಪ ಅಂದಿದ್ದರು:

"ಅದಕ್ಯಾಕ ಅಳತೀ? ಸಂದಿನ ಹಲ್ಲಿನಾಕಿ ಇದ್ದ ಮನ್ಯಾಗ ಕಾಳಿನ ಗಡಿಗಿ ಬರಿದಾಗೂದಿಲ್ಲ ಅಂತ ನಮ್ಮವ್ವ ಹೇಳತಿದ್ಲು. ಅದು ಅದೃಷ್ಟ."

ನಾನು ನಂಬಿದೆ. ನನ್ನನ್ನು ನೋಡಲು ಬಂದವರ ಮುಂದೆ ಅದೃಷ್ಟ ಕಾಣಲಿ ಎಂದು ಬಾಯಿತುಂಬ ನಕ್ಕೆ. ಎರಡು ಕಡೆಯವರು ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೋದವರು ತಿಳಿಸಲೇ ಇಲ್ಲ. ಮೂರನೆಯವರು ಹಾವೇರಿಯವರು, ಒಪ್ಪಿದರು. ಅತ್ತೆ ಕೆಟ್ಟವರಲ್ಲ. ಆದರೆ ಮನೆಗೆ ಯಾರು ಬಂದರೂ, "ಸೊಸಿ ಎಲ್ಲಾದ್ರಾಗೂ ಚಲೋ ಇದಾಳ್ರಿ. ಹಲ್ಲಾಗ ಒಂದು ಸಣ್ಣ ಓಣಿ ಐತಿ, ಅಷ್ಟ" ಅನ್ನುತ್ತಿದ್ದರು. ಬಂದವರು ಆ ಓಣಿ ನೋಡಲು ನನ್ನ ಮುಖ ನೋಡುತ್ತಿದ್ದರು. ನಗುವಾಗ ಕೈ ತಾನಾಗಿಯೇ ಬಾಯಿಗೆ ಹೋಗುವುದು ನನಗೆ ಅಲ್ಲಿಂದ ರೂಢಿಯಾಯಿತು.

ಅದಾಗಿ ನಾಲ್ಕು ವರ್ಷಕ್ಕೆ, ಶ್ರಾವಣದ ಮೊದಲ ವಾರ, ಅವ್ವನ ಫೋನು ಬಂತು. ಬಸ್‌ಸ್ಟ್ಯಾಂಡ್ ಹತ್ತಿರ ನನ್ನ ಗಂಡನದು ನೋಟುಬುಕ್ಕು, ಪೆನ್ನಿನ ಅಂಗಡಿ. ಫೋನು ಇದ್ದದ್ದು ಅಲ್ಲೇ. ಅವ್ವ ಬ್ಯಾಡಗಿಯ ಎಸ್‌ಟಿಡಿ ಬೂತಿನಿಂದ ಮಾತಾಡುತ್ತಿದ್ದಳು.

"ಪಂಚಮಿಗೆ ಲಗೂ ಬಾ. ಹಬ್ಬ ಆದ ಸೋಮವಾರ ಸಣ್ಣಾಕೀನ ನೋಡಾಕ ಬರ್ತಾರ. ಆಕೀದು ಹಲ್ಲಿನ ಸಂದು ಮುಚ್ಚಿಸಿದ್ವಿ. ರಾಣೆಬೆನ್ನೂರಾಗ ಒಬ್ಬರು ಹಲ್ಲಿನ ಡಾಕ್ಟರ್ ಬಂದಾರ. ಒಂದು ತಾಸಿನ್ಯಾಗ ಆತು ನೋಡು."

"ಯಾರು ಕರಕೊಂಡ ಹೋಗಿದ್ರು?"

"ನಿಮ್ಮಪ್ಪ. ಟೆಂಡರ್ ದಿನ ಅಂಗಡಿ ಬಿಟ್ಟು ಹೋಗಿದ್ರು."

ಟೆಂಡರ್ ದಿನ ಎಂದರೆ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಗೆ ವ್ಯಾಪಾರಿಗಳು ದರ ಬರೆದು ಹಾಕುವ ದಿನ. ನನಗೆ ಹೆರಿಗೆ ನೋವು ಬಂದದ್ದು ಒಂದು ಟೆಂಡರ್ ದಿನ. ಅಪ್ಪ ಟೆಂಡರ್ ಮುಗಿಸಿ, ಚೀಲಗಳಿಗೆಲ್ಲ ಚೀಟಿ ಅಂಟಿಸಿ, ಸಂಜೆ ಬಂದಿದ್ದರು. ಅದನ್ನು ನಾನು ಎಂದೂ ತಪ್ಪು ಎಂದುಕೊಂಡಿರಲಿಲ್ಲ. ಫೋನು ಇಟ್ಟ ಮೇಲೆ ಅಂದುಕೊಂಡೆ.

ಹಬ್ಬಕ್ಕೆ ಎರಡು ದಿನ ಮೊದಲು ಮಗನನ್ನು ಎತ್ತಿಕೊಂಡು ಬಸ್ಸು ಹತ್ತಿದೆ. ಮೋಟೆಬೆನ್ನೂರಿನಲ್ಲಿ ಬಸ್ಸು ಹೆದ್ದಾರಿ ಬಿಟ್ಟು ತಿರುಗಿದಾಗ ತವರಿನ ವಾಸನೆ, ಎಂದರೆ ಮೆಣಸಿನಕಾಯಿಯ ಘಾಟು, ಮೂಗಿಗೆ ಬರುತ್ತದೆ. ಮಗ ಸೀನಿದ. ಬೇರೆ ವರ್ಷ ನಾನು ಅಲ್ಲಿಂದಲೇ ನಗುತ್ತಿದ್ದೆ. ಆ ಸಲ ನಗಲಿಲ್ಲ.

ತಂಗಿ ಬಾಗಿಲಲ್ಲೇ ನಿಂತಿದ್ದಳು. ನನಗಿಂತ ಐದು ವರ್ಷ ಚಿಕ್ಕವಳು, ಮಾತಿನ ಮಲ್ಲಿ. ನನ್ನನ್ನು ನೋಡಿ ನಕ್ಕಳು. ಆ ಎರಡು ಹಲ್ಲು ಒಂದರ ಮಗ್ಗುಲಿಗೆ ಒಂದು, ಎಳೆದು ಮುಚ್ಚಿದ ಕದದ ಹಾಗೆ ಕೂತಿದ್ದವು. ಎಲ್ಲಿ ಸ್ವಂತ ಹಲ್ಲು ಮುಗಿದು ಎಲ್ಲಿ ಡಾಕ್ಟರರ ಕೆಲಸ ಶುರುವಾಗುತ್ತದೆ ಎಂದು ಹುಡುಕಿದೆ. ಸಿಗಲಿಲ್ಲ. ಅವಳು ಚೆಂದ ಕಂಡಳು. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆದರೆ ಅವಳ ಮುಖ ನನ್ನ ಮುಖದ ಅಚ್ಚು. ಸಂದು ಇರದಿದ್ದರೆ ನಾನು ಹೇಗಿರುತ್ತಿದ್ದೆ ಎಂಬುದು ನನ್ನೆದುರಿಗೇ ನಿಂತು, "ಯಕ್ಕಾ, ಚೀಲಾ ಕೊಡು" ಅನ್ನುತ್ತಿತ್ತು.

ಚಹಾ ಕುಡಿಯುವಾಗ ಅವಳು ಡಾಕ್ಟರರ ಹಾಗೆ ದನಿ ತೆಗೆದು ಎಲ್ಲ ಹೇಳಿದಳು.

"ಮೊದಲ ತುಟಿ ಎತ್ತಿ ನೋಡಿದ್ರು. ಮ್ಯಾಲಿನ ತುಟಿಗೂ ಒಸಡಿಗೂ ನಡುವ ಒಂದು ನಾರಿನಂಥಾದ್ದು ಇರತೈತಂತ. ಅದು ಹಲ್ಲಿನ ನಡುವ ಇಳದಿದ್ರ ಕತ್ತರಿಸಬೇಕಾಗತೈತಿ ಅಂದ್ರು. ಅಪ್ಪನ ಮಾರಿ ನೋಡಬೇಕಿತ್ತು ನೀ."

"ಕತ್ತರಿಸಿದ್ರೇನು?"

"ಇಲ್ಲಬೇ. ನಂದು ಮ್ಯಾಲೇ ಐತಂತ. ಆಮ್ಯಾಲ ದಾರಿ ಹೇಳಿದ್ರು. ಒಂದು, ತಂತಿ ಕ್ಲಿಪ್ ಹಾಕಿ ಹಲ್ಲನ್ನ ನಿಧಾನಕ ಸರಿಸೂದು. ಅದ ಚಲೋದಂತ, ಖರೇ ವರ್ಷಗಟ್ಲೆ ಬೇಕಂತ. ಕ್ಲಿಪ್ ತಗದ ಮ್ಯಾಲೂ ಮಲಗೂವಾಗ ಒಂದು ಪ್ಲೇಟ್ ಹಾಕ್ಕೋಬೇಕು. ಇಲ್ಲಂದ್ರ ಹಲ್ಲು ತಮ್ಮ ಹಳೇ ಜಾಗಾ ಹುಡುಕ್ಕೊಂಡ ವಾಪಸ್ ಹೋಗತಾವಂತ, ಸಿಟ್ಟಾದ ಸೊಸಿ ತವರಿಗೆ ಹೋದಂಗ."

ಅವ್ವ ನಕ್ಕಳು. ನಾನು ಚಹಾ ಊದಿದೆ.

"ಇನ್ನೊಂದು, ಚಲೋ ಹಲ್ಲು ಅರದು ಸಣ್ಣ ಮಾಡಿ ಮ್ಯಾಲ ಟೊಪಗಿ ಹಾಕೂದು. ಈ ವಯಸ್ಸಿನ್ಯಾಗ ಗಟ್ಟಿ ಹಲ್ಲು ಯಾಕ ಅರೀತೀರಿ, ಬ್ಯಾಡ ಅಂದ್ರು. ಮೂರನೇದು ನಾ ಮಾಡಿಸಿಕೊಂಡದ್ದು. ಹಲ್ಲಿನ ಬಣ್ಣದ್ದೇ ಒಂಥರಾ ಮೇಣ. ಎರಡೂ ಹಲ್ಲಿನ ಮಗ್ಗಲಕ ಹಚ್ಚಿ ನೀಲಿ ಲೈಟ್ ಹಿಡದ್ರು. ಹಿಂಗ ಹಿಡಿಯೂದ್ರಾಗ ಕಲ್ಲು ಆತು."

"ಏನೂ ಮಾಡದ ಬಿಟ್ರ?"

"ಬಿಟ್ರೂ ನಡೀತೈತಿ, ಇದೇನು ರೋಗ ಅಲ್ಲ ಅಂದ್ರು. ಅಪ್ಪ ಅಂದ, ಸೋಮವಾರ ನೋಡಾಕ ಬರ್ತಾರ್ರಿ ಅಂತ."

ನಾನು ಲೋಟ ಕೆಳಗಿಟ್ಟೆ. ನಾಲ್ಕು ದಾರಿ ಇದ್ದವು ಎಂದು ನನಗೆ ಅಂದೇ ಗೊತ್ತಾದದ್ದು. ಏನೂ ಮಾಡದೆ ಬಿಡುವ ನಾಲ್ಕನೆಯದನ್ನು ನನಗೆ ಕೇಳದೆಯೇ ಕೊಟ್ಟಿದ್ದರು, ಅದಕ್ಕೆ ಅದೃಷ್ಟ ಎಂದು ಹೆಸರಿಟ್ಟು. ನಾನು ಕನ್ಯೆಯಾಗಿದ್ದಾಗ ರಾಣೆಬೆನ್ನೂರಿನಲ್ಲಿ ಆ ಡಾಕ್ಟರು ಇರಲಿಲ್ಲ, ಅದು ನಿಜ. ಹೊಟ್ಟೆಕಿಚ್ಚಿಗೆ ಇಂಥ ನಿಜಗಳು ಕೇಳಿಸುವುದಿಲ್ಲ.

"ಖಡಕ್ ರೊಟ್ಟಿ, ಕಬ್ಬು ಮುಂದಿನ ಹಲ್ಲೀಲೆ ಕಡಿಯಂಗಿಲ್ಲ. ಕಡದ್ರ ತುಣುಕು ಏಳತೈತಂತ," ಅಂದಳು ತಂಗಿ. "ರೊಟ್ಟಿ ಹಬ್ಬಕ್ಕ ಈ ಮಾತು ಹೇಳ್ಯಾರ ನೋಡು ನನಗ."

ನಮ್ಮ ಕಡೆ ನಾಗರ ಪಂಚಮಿಯ ಮುಂಚೆ ರೊಟ್ಟಿ ಪಂಚಮಿ. ಸಜ್ಜಿಯ ರೊಟ್ಟಿ, ಜೋಳದ ರೊಟ್ಟಿ ಎಳ್ಳು ಹಚ್ಚಿ ತೆಳ್ಳಗೆ ಬಡಿದು, ಸುಟ್ಟು, ಹಪ್ಪಳದಂತೆ ಖಡಕ್ ಆಗುವ ತನಕ ಆರಿಸಿ ಬುಟ್ಟಿ ತುಂಬುತ್ತಾರೆ. ಅಂದು ಓಣಿಯ ಮನೆಮನೆಗೆ ರೊಟ್ಟಿ, ಪಲ್ಯ, ಚಟ್ನಿ ಕೊಟ್ಟು ಅವರದನ್ನು ತರಬೇಕು. ಸಂಜೆಗೆ ಯಾರ ಮನೆಯಲ್ಲೂ ಅವರವರ ರೊಟ್ಟಿ ಇರುವುದಿಲ್ಲ, ಓಣಿಯವರದೆಲ್ಲ ಇರುತ್ತದೆ. ಅವ್ವ ತಂಗಿಗೆಂದು ನಾಲ್ಕು ಮೆತ್ತನೆಯ ರೊಟ್ಟಿ ಬೇರೆ ಮಾಡಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು.

ರೊಟ್ಟಿ ಪಂಚಮಿಯ ಮಧ್ಯಾಹ್ನ ತಂಗಿ ಎರಡೂ ಕೈಗೆ ಮದರಂಗಿ ಹಚ್ಚಿಕೊಂಡು ಪಡಸಾಲೆಯ ಜೋಕಾಲಿಯಲ್ಲಿ ಕೂತಿದ್ದಳು. ಅವ್ವ ತಾಟು ಹಿಡಿದು ಓಣಿಗೆ ಹೋಗಿದ್ದಳು. ಅಪ್ಪ ನನ್ನ ಮಗನನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದರು.

"ಯಕ್ಕಾ, ಹೊಟ್ಟಿ ಹಸದೈತಿ. ಕೈ ನೋಡು ಹಿಂಗದಾವು. ತಿನಸು."

ಅಡುಗೆಮನೆಗೆ ಹೋದೆ. ಬಟ್ಟೆಯ ಗಂಟೂ ಬುಟ್ಟಿಯೂ ಅಕ್ಕಪಕ್ಕ ಇದ್ದವು. ಕೈ ತಪ್ಪಿತು ಎಂದು ಬರೆಯಬಹುದಿತ್ತು. ತಪ್ಪಲಿಲ್ಲ. ಬುಟ್ಟಿಯಲ್ಲಿ ಬೆರಳಾಡಿಸಿ, ಯಾರದೋ ಮನೆಯ ದಪ್ಪ ಸಜ್ಜಿ ರೊಟ್ಟಿ ಆರಿಸಿದೆ. ಒಂದು ಅಂಚು ಮುರಿದು ಅದರ ಮೇಲೆ ಬದನೆಕಾಯಿ ಪಲ್ಯ ಹರವಿ, ಮೇಲೆ ಮೊಸರು ಹಾಕಿದೆ. ರೊಟ್ಟಿ ಕಾಣದಂತಾಯಿತು.

"ಮೆತ್ತಂದ ಹೌದಿಲ್ಲೋ?" ಬಾಯಿ ತೆರೆಯುವ ಮೊದಲು ಕೇಳಿದಳು.

"ಹೌದು. ಕಡಿ."

ಒಣ ಮೆಣಸಿನಕಾಯಿಯ ತೊಟ್ಟು ಮುರಿದಷ್ಟೇ ಸಪ್ಪಳ. ಅವಳು ಅಗಿಯುವುದನ್ನು ನಿಲ್ಲಿಸಿದಳು. ನಾಲಿಗೆಯಿಂದ ಹುಡುಕಿ, ಮದರಂಗಿ ಇರದ ಮಣಿಕಟ್ಟಿನ ಮೇಲೆ ಉಗುಳಿಕೊಂಡಳು. ಜೋಳದ ಕಾಳಿನ ಅರ್ಧದಷ್ಟು ಬಿಳಿಯ ಚೂರು. ಎಡಗಡೆಯ ಹಲ್ಲಿನದು ಹೋಗಿತ್ತು, ಬಲಗಡೆಯದು ಉಳಿದಿತ್ತು. ಸಂದು ಈಗ ಒಂದು ಕಡೆಗೆ ವಾಲಿ, ಮೊದಲಿಗಿಂತ ಕೆಟ್ಟದಾಗಿ ಕಾಣುತ್ತಿತ್ತು. ಅವಳು ನನ್ನ ಮುಖ ನೋಡಿದಳು, ನನ್ನ ಕೈಯಲ್ಲಿ ಉಳಿದಿದ್ದ ರೊಟ್ಟಿ ನೋಡಿದಳು.

ಅಷ್ಟರಲ್ಲಿ ಅವ್ವ ಬಂದಳು. "ಏನಾತಬೇ?"

"ನಾನ ಕಡದೆ ಅವ್ವಾ," ಅಂದಳು ತಂಗಿ. "ಬುಟ್ಟಿ ನೋಡಿ ತಡಕೊಳ್ಳಾಕ ಆಗಲಿಲ್ಲ."

ಎರಡೂ ಕೈಗೆ ಹಸಿ ಮದರಂಗಿ ಇದ್ದವಳು ಬುಟ್ಟಿಯೊಳಗಿನ ರೊಟ್ಟಿ ಹೇಗೆ ತೆಗೆದಳು ಎಂದು ಯಾರೂ ಕೇಳಲಿಲ್ಲ. ಅವ್ವ ಬೈದಳು. ಅಪ್ಪ ಬಂದು, "ಒಂದು ರೊಟ್ಟಿಗೆ ತಡೀಲಿಲ್ಲಲ್ಲ ನೀ" ಅಂದು ತಲೆ ತಗ್ಗಿಸಿ ಕೂತರು. ಹಬ್ಬಕ್ಕೆ ದವಾಖಾನೆ ಬಾಗಿಲು ಹಾಕಿತ್ತು, ಡಾಕ್ಟರು ತಮ್ಮ ಊರಿಗೆ ಹೋಗಿದ್ದರು. ಸೋಮವಾರದೊಳಗೆ ಏನೂ ಆಗುವಂತಿರಲಿಲ್ಲ. ಮೂರು ದಿನ ಎಲ್ಲರೂ ಅವಳನ್ನು ಬೈದರು, ನಾನು ಪಂಚಮಿಯ ಉಂಡಿ ಕಟ್ಟಿದೆ.

ಸೋಮವಾರ ಬಂದವರು ರಾಣೆಬೆನ್ನೂರಿನವರು. ಬೀಜದ ಅಂಗಡಿ ಇದ್ದ ಮನೆತನ. ತಂಗಿ ತುಟಿ ಬಿಗಿದು ಕೂತಳು. ಕೇಳಿದ್ದಕ್ಕೆಲ್ಲ ತಲೆ ಆಡಿಸಿದಳು, ಇಲ್ಲವೇ ಹೂಂ ಅಂದಳು. ಜೀವನದಲ್ಲಿ ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದು ಅದೊಂದೇ ಸಲ. ಹೊರಡುವಾಗ ಹುಡುಗನ ತಾಯಿ ಅವ್ವನಿಗೆ, "ಹುಡುಗಿ ಭಾಳ ಸಂಭಾವಿತ ಐತ್ರಿ, ಮಾತ ಇಲ್ಲ" ಅಂದರು. ಎರಡು ದಿನಕ್ಕೆ ಒಪ್ಪಿಗೆ ಬಂತು. ಮದುವೆಯಾದ ಮೇಲೆ ಅವಳ ಗಂಡ ನಮ್ಮೆಲ್ಲರ ಮುಂದೆ ಹೇಳಿದ: "ಚಹಾ ಕೊಡೂವಾಗ ನಗು ತಡಕೊಳ್ಳಾಕ ಆಗದ ಒಂದೀಟು ಬಾಯಿ ಬಿಟ್ಲು. ಆ ಅರ್ಧಾ ಮುರದ ಹಲ್ಲು ನೋಡೇ ನಾ ಹೂಂ ಅಂದದ್ದು."

ನಾನು ಬಾಯಿತುಂಬ ನಕ್ಕು ಎರಡು ಮನೆ ಕಳೆದುಕೊಂಡೆ. ಅವಳು ಬಾಯಿ ಮುಚ್ಚಿ ಮೊದಲ ಮನೆಯನ್ನೇ ಗೆದ್ದಳು, ಅದೂ ನಾನು ಮುರಿದ ಹಲ್ಲಿನಿಂದ. ಕೇಡು ಮಾಡಹೋದರೂ ಅದು ಅವಳಿಗೆ ಒಳ್ಳೆಯದೇ ಆಗುತ್ತದೆ ಎಂದು ನನಗೆ ಇನ್ನಷ್ಟು ಉರಿಯಿತು.

ಒಪ್ಪಿಗೆ ಬಂದ ವಾರವೇ ಹಲ್ಲು ಮತ್ತೆ ಮಾಡಿಸಲು ಹೋಗಬೇಕಾಯಿತು. "ಅಪ್ಪ ಬ್ಯಾಡ, ಯಕ್ಕ ಬರ್ಲಿ" ಅಂದಳು ತಂಗಿ. ಪ್ಯಾಸೆಂಜರ್ ಗಾಡಿಯಲ್ಲಿ ಹೋದೆವು. ದವಾಖಾನೆ ಒಂದು ಅಂಗಡಿಯ ಮಾಳಿಗೆಯ ಮೇಲಿತ್ತು. ಡಾಕ್ಟರು ಚಿಕ್ಕ ವಯಸ್ಸಿನವರು. ಹಲ್ಲಿನ ಅಂಚನ್ನು ಸ್ವಲ್ಪ ಒರಟು ಮಾಡಿ, ಯಾವುದೋ ನೀಲಿ ಔಷಧ ಹಚ್ಚಿ ತೊಳೆದು, ಒಣಗಿಸಿ, ಆ ಮೇಣದಂಥದ್ದನ್ನು ಪದರ ಪದರವಾಗಿ ಕೂಡಿಸಿದರು. ಪದರಕ್ಕೊಮ್ಮೆ ಲೈಟು. ಕೊನೆಗೆ ತಿಕ್ಕಿ ನುಣುಪು ಮಾಡಿದರು. ನಾನು ಮಗ್ಗುಲಲ್ಲಿ ಸ್ಟೂಲಿನ ಮೇಲೆ ಕೂತು ಕಣ್ಣು ಕೀಳದೆ ನೋಡಿದೆ.

"ಇದು ಜೀವನಪೂರ್ತಿ ಇರೂದಿಲ್ರಿ," ಅಂದರು ಡಾಕ್ಟರು. "ಚಹಾದ ಬಣ್ಣ ಹಿಡೀತೈತಿ, ಕೆಲವು ವರ್ಷಕ್ಕ ಮತ್ತ ಮಾಡಬೇಕಾಗತೈತಿ. ಪುರಸೊತ್ತು ಆದಾಗ ಕ್ಲಿಪ್ ಹಾಕಿಸಿಕೊಳ್ರಿ." ಆಮೇಲೆ ನನ್ನ ಕಡೆ ತಿರುಗಿದರು. "ನಿಮಗೂ ಐತಲ್ರಿ."

ಕೈ ಬಾಯಿಗೆ ಹೋಯಿತು. ತಂಗಿ ಕುರ್ಚಿಯಿಂದಲೇ, "ಆಕೀದೂ ಮಾಡ್ರಿ ಸರ್, ಇವತ್ತ. ಅಪ್ಪಗ ನಾ ಹೇಳತೇನಿ" ಅಂದಳು.

ಮಾಡಿಸಿಕೊಳ್ಳಬೇಕು ಎಂದು ನನ್ನ ಹಲ್ಲುಗಳೇ ಜುಮ್ಮೆಂದವು. ಆದರೆ ಅವಳು ಕೊಡಿಸಿದ್ದನ್ನು ನಾನು ತೆಗೆದುಕೊಳ್ಳುವುದೇ ಎನ್ನಿಸಿತು. "ನಂದು ಇರಲಿ ಬಿಡ್ರಿ. ನಂದು ಅದೃಷ್ಟದ್ದು," ಅಂದೆ.

ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುವಾಗ ಅವಳು ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದಳು. ಮಿರ್ಚಿಯನ್ನು ತುಟಿಯ ಕೊನೆಯಿಂದ ಒಳಗೆ ತೂರಿಸಿ ಕಡಿದಳು. "ನೋಡು, ಈಗ ಶಾಣ್ಯಾಕಿ ಆಗೇನಿ. ದವಡೀಲೆ ಕಡೀತೇನಿ," ಅಂದು ನನ್ನನ್ನೇ ನೋಡಿದಳು. ಅವಳು ದಾರಿ ಬಿಟ್ಟುಕೊಟ್ಟಿದ್ದಳು ಎಂದು ಈಗ ಅನ್ನಿಸುತ್ತದೆ. ಆಗ ಹೇಳಬಹುದಿತ್ತು. ಗಾಡಿ ಬಂತು.

ಅವಳು ರಾಣೆಬೆನ್ನೂರಿಗೆ ಸೊಸೆಯಾಗಿ ಹೋದಳು. ವರ್ಷದೊಳಗೆ ಮಗಳು ಹುಟ್ಟಿದಳು. ಹಲ್ಲಿನ ಅಂಚು ಚಹಾ ಕುಡಿದು ಹಳದಿಯಾದಾಗ ಮತ್ತೊಮ್ಮೆ ಮಾಡಿಸಿಕೊಂಡಳು. ಕ್ಲಿಪ್ಪಿಗೆ ಪುರಸೊತ್ತು ಸಿಗಲಿಲ್ಲ. ಮಗಳಿಗೆ ಏಳು ತುಂಬಿದ ಬೇಸಿಗೆಯಲ್ಲಿ ಜ್ವರ ಎಂದು ಮಲಗಿದವಳು ಎಂಟು ದಿನಕ್ಕೆ ಹೋದಳು. ಅದರ ಬಗ್ಗೆ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಮಾತಾಡಿಸಲು ಬಂದ ಹೆಂಗಸರೆಲ್ಲ ಒಂದೇ ಮಾತು ಆಡಿದರು: "ಎಷ್ಟ ಚಂದ ನಗತಿದ್ಲವ್ವಾ." ಅಪ್ಪನೂ ಅದನ್ನೇ ಹೇಳಿ ಅತ್ತರು. ನಾನೂ ಅತ್ತೆ. ಅಳುವಿನ ನಡುವೆಯೇ, ನಾನು ಸತ್ತರೆ ಇವರು ಏನು ಹೇಳಿ ಅಳುತ್ತಾರೆ ಎಂಬ ಯೋಚನೆ ಬಂತು. ಸತ್ತವಳ ಮೇಲೂ ಹೊಟ್ಟೆಕಿಚ್ಚು ಪಟ್ಟವಳು ನಾನು. ಅವಳ ಮದುವೆಯ ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದರು. ಹತ್ತಿರ ಹೋಗಿ ನೋಡಿದೆ. ಅದರಲ್ಲಿ ಸಂದು ಇರಲಿಲ್ಲ. ನಾವಿಬ್ಬರೂ ಒಂದೇ ಬಳ್ಳಿಯವರು ಎಂಬುದಕ್ಕೆ ಇದ್ದ ಗುರುತನ್ನು ಅವಳು ಮುಚ್ಚಿಸಿಕೊಂಡು ಹೋಗಿದ್ದಳು.

ಆ ದಿನಗಳಲ್ಲೇ ಅವಳ ಮಗಳ ಹಾಲುಹಲ್ಲು ಬಿದ್ದು ಮುಂದಿನ ಎರಡು ಹೊಸ ಹಲ್ಲು ಬಂದವು. ನಡುವೆ ಸಂದು, ನನ್ನದಕ್ಕಿಂತ ದೊಡ್ಡದು. "ಹೆಣ್ಣಕೂಸು, ಈಗ ಮುಚ್ಚಸೂದು ಚಲೋ" ಎಂದು ತಂಗಿಯ ಅತ್ತೆ ಚಡಪಡಿಸಿದರು. ತಾಯಿ ಇಲ್ಲದ ಮಗು, ನಾನೇ ಕರೆದುಕೊಂಡು ಹೋದೆ. ಅದೇ ಡಾಕ್ಟರು, ತಲೆ ಅರ್ಧ ನರೆತಿತ್ತು. ತುಟಿ ಎತ್ತಿ ಆ ನಾರನ್ನು ನೋಡಿದರು.

"ಈಗ ಏನೂ ಮಾಡೂದು ಬ್ಯಾಡ್ರಿ. ಈ ವಯಸ್ಸಿನ್ಯಾಗ ಭಾಳ ಹುಡುಗರಿಗೆ ಹಿಂಗ ಇರತೈತಿ. ಕೋರಿಹಲ್ಲು ಇಳಿಯೂವಾಗ ಒತ್ತಿ, ಸಂದು ತಾನ ಕೂಡಿದ್ರೂ ಕೂಡಬಹುದು. ಕೂಸಿಗೆ ಹನ್ನೆರಡು ವರ್ಷ ತುಂಬಲಿ, ನೋಡೂಣು."

"ಕೂಡದಿದ್ರ?"

"ಆಗ ಕ್ಲಿಪ್ ಐತಲ್ರಿ."

ಕೂಡದಿರಲಿ ಎಂದು ಮನಸ್ಸು ಆಸೆಪಟ್ಟಿತು. ಡಾಕ್ಟರಿಗೆ ಅದನ್ನು ಹೇಳಲಿಲ್ಲ.

ಶ್ರಾವಣದಲ್ಲಿ ಮಗುವನ್ನು ಬ್ಯಾಡಗಿಗೆ ಕರೆತಂದೆವು. ಆ ವರ್ಷ ತವರಿನಲ್ಲಿ ಹಬ್ಬವಿರಲಿಲ್ಲ, ಅವ್ವ ಒಂದು ರೊಟ್ಟಿಯನ್ನೂ ಬಡಿಯಲಿಲ್ಲ. ಓಣಿಯವರು ತಾವೇ ತಂದುಕೊಟ್ಟರು, ಬುಟ್ಟಿ ತುಂಬಿತು. ನೆರೆಮನೆಯ ಹುಡುಗಿಯರು ಮಗುವಿನ ಎರಡೂ ಕೈಗೆ ಮದರಂಗಿ ಹಚ್ಚಿ ಕಳಿಸಿದರು. ಜೋಕಾಲಿ ಕಟ್ಟಿರಲಿಲ್ಲ. ಮಗು ಪಡಸಾಲೆಯ ಕಟ್ಟೆಯ ಮೇಲೆ ಕೂತು ಕರೆಯಿತು.

"ದೊಡ್ಡವ್ವಾ, ಹಸಿವಾಗೇತಿ. ತಿನಸು."

ಖಡಕ್ ರೊಟ್ಟಿಯನ್ನು ಚೂರು ಮಾಡಿ, ಮೊಸರಿನಲ್ಲಿ ನೆನೆಸಿ, ಬೆರಳಿನಿಂದ ಹಿಚುಕಿ ನೋಡಿ, ಮತ್ತೆ ನೆನೆಸಿ ತಂದೆ. ತುತ್ತು ಬಾಯಿಯ ಹತ್ತಿರ ಒಯ್ದಾಗ ಮಗು ಮುಖ ಓರೆ ಮಾಡಿ ತುಟಿಯ ಕೊನೆಯಿಂದ ಬಾಯಿ ತೆರೆಯಿತು.

"ಹಂಗ್ಯಾಕ ಮಾರಿ ತಿರುವತೀ? ನೆಟ್ಟಗ ತಗೋ."

"ಅವ್ವ ಹೇಳ್ಯಾಳ."

"ಏನಂತ?"

"ದೊಡ್ಡವ್ವ ತಿನಸಿದ್ರ ಮುಂದಿನ ಹಲ್ಲೀಲೆ ಕಡೀಬ್ಯಾಡ, ದವಡೀಲೆ ಕಡಿ ಅಂತ."

ತುತ್ತು ನನ್ನ ಕೈಯಲ್ಲೇ ಉಳಿಯಿತು. "ಸಿಟ್ಟೀಲೆ ಹೇಳಿದ್ಲೇನು?"

"ಇಲ್ಲ. ನಕ್ಕೋಂತ ಹೇಳಿದ್ಲು. ಅಪ್ಪನೂ ನಕ್ಕ."

ನಾನು ಎಂಟು ವರ್ಷ ಎದೆಯಲ್ಲಿಟ್ಟುಕೊಂಡು ಸುಟ್ಟುಕೊಂಡದ್ದು ಅವರ ಮನೆಯಲ್ಲಿ ಊಟದ ಹೊತ್ತಿನ ನಗೆಮಾತಾಗಿತ್ತು. ಅವಳು ಅಂದೇ ತಿಳಿದಿದ್ದಳು, ಗಂಡನಿಗೆ ಹೇಳಿದ್ದಳು, ಮಗಳಿಗೆ ಬುದ್ಧಿಮಾತು ಮಾಡಿ ಕೊಟ್ಟಿದ್ದಳು. ಆದರೂ ಪ್ರತಿ ಪಂಚಮಿಗೆ ನನ್ನ ಎದುರು ಕೈಚಾಚಿ ಕೂತು ಉಂಡಿ ತಿನ್ನುತ್ತಿದ್ದಳು. ಇಷ್ಟು ಹಗುರವಾಗಿ ಇರಲು ಅವಳಿಗೆ ಹೇಗೆ ಬಂತು ಎಂದು, ಅಳು ಬರುವ ಮೊದಲು, ಹೊಟ್ಟೆಕಿಚ್ಚೇ ಬಂತು. ನಾನು ಹೇಳುವುದಕ್ಕೂ ಏನೂ ಉಳಿಸಿರಲಿಲ್ಲ ಅವಳು.

ಆದರೂ ಹೇಳಿದೆ. ಯಾರಿಗಾದರೂ ಹೇಳಲೇಬೇಕಿತ್ತು.

"ನಿಮ್ಮವ್ವ ಖರೇನ ಹೇಳ್ಯಾಳ. ಆಕೀ ಹಲ್ಲು ನಾನ ಮುರದಿದ್ದೆ. ಬೇಕಂತ."

"ಗೊತ್ತೈತಿ," ಅಂದಿತು ಮಗು. ಆಮೇಲೆ ಹೊಟ್ಟೆ ಹಸಿದದ್ದನ್ನು ನೆನಪಿಸುವಂತೆ ಮತ್ತೆ ಮುಖ ಓರೆ ಮಾಡಿ ಬಾಯಿ ತೆರೆಯಿತು. ನಾನು ತುತ್ತನ್ನು ದವಡೆಯ ಕಡೆಗೇ ಇಟ್ಟೆ.